ತಾಳ್ಮೆಗೂ ಒಂದು ಲೆಕ್ಕವಿದೆ: ಮಲೆನಾಡಿನಿಂದ ಗಾಲ್ಫ್ ವೃತ್ತಿಗೆ ಹೊರಟವರಿಗೆ

ಕಟ್ (ಮೊದಲ ಎರಡು ದಿನದ ಆಟದ ಮೇಲೆ ಸ್ಪರ್ಧೆಯಲ್ಲಿ ಮುಂದುವರಿಯಲು ದಾಟಬೇಕಾದ ಗೆರೆ) ಒಂದೇ ಹೊಡೆತದಿಂದ ತಪ್ಪಿದ ದಿನ ರಾತ್ರಿ ರೈಲು ಹತ್ತಿ, ಗಾಲ್ಫ್ ಚೀಲವನ್ನು ಬರ್ತಿನ ಕೆಳಗೆ ಉದ್ದಕ್ಕೆ ಮಲಗಿಸಿ, ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿಯ ಬಸ್ಸಿಗೆ ಕಾಯುತ್ತ ನಿಲ್ಲುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತು. ಒಂದೇ ವರ್ಷದಲ್ಲಿ ಎಂಟು ಸಲ ಹಾಗೆ ನಿಂತಿದ್ದೇನೆ. ಚಹಾ ಅಂಗಡಿಯವರು ಚೀಲ ನೋಡಿ, "ಇದು ಯಾವ ವಾದ್ಯ?" ಎಂದು ಕೇಳುತ್ತಿದ್ದರು. ಉತ್ತರ ಹೇಳುವ ಮನಸ್ಸು ಇರುತ್ತಿರಲಿಲ್ಲ.

ಆ ದಿನಗಳಲ್ಲಿ ಎಲ್ಲರೂ ಹೇಳಿದ ಮಾತು ಒಂದೇ: ತಾಳಿದವನು ಬಾಳಿಯಾನು. ಗಾದೆ ಸುಳ್ಳಲ್ಲ. ಆದರೆ ತಾಳುತ್ತಿರುವ ಅಷ್ಟು ದಿನ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ತಾಳ್ಮೆ ಹುಟ್ಟಿನಿಂದ ಬರುವ ಗುಣ, ನನಗೆ ಅದು ಕಡಿಮೆ ಎಂದು ಬಹಳ ಕಾಲ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ನನ್ನ ತಾಳ್ಮೆ ಕೆಟ್ಟಾಗಲೆಲ್ಲ ಅದರ ಹಿಂದೆ ಒಂದು ತಪ್ಪು ಲೆಕ್ಕ ಇತ್ತು. ಪಟ್‌ಗಳ (ಚೆಂಡನ್ನು ಗುಂಡಿಯತ್ತ ಉರುಳಿಸುವ ಹೊಡೆತಗಳ) ಲೆಕ್ಕ, ದುಡ್ಡಿನ ಲೆಕ್ಕ, ವರ್ಷಗಳ ಲೆಕ್ಕ. ಒಂದೊಂದನ್ನೇ ಸರಿಪಡಿಸಿಕೊಂಡಂತೆ ಕಾಯುವುದು ಹಗುರವಾಯಿತು. ಆ ಕೆಲಸವನ್ನು ನಾನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆ ಇಷ್ಟು. ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದಲ್ಲಿ. ಸೋದರಮಾವ ಚಿಕ್ಕಮಗಳೂರಿನ ಬಳಿ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೇಸಿಗೆ ರಜೆಗೆ ಹೋದಾಗ ಕಾಫಿ ತೋಟಗಳ ನಡುವಿನ ಗಾಲ್ಫ್ ಮೈದಾನ ಕಂಡೆ, ಅಲ್ಲಿಂದ ಈ ಹುಚ್ಚು ಹತ್ತಿತು. ವೃತ್ತಿಪರನಾದ ಮೇಲೆ ಎರಡು ವರ್ಷ ಕ್ವಾಲಿಫೈಯಿಂಗ್ ಸ್ಕೂಲ್ ಎಂಬ ಅರ್ಹತಾ ಸ್ಪರ್ಧೆಯಲ್ಲಿ ಸೋತೆ, ಮೂರನೇ ವರ್ಷ ಟೂರ್ ಕಾರ್ಡ್ (ವೃತ್ತಿಪರ ಸ್ಪರ್ಧೆಗಳ ಸರಣಿಯಲ್ಲಿ ಆಡುವ ಹಕ್ಕು) ಸಿಕ್ಕಿತು, ಹನ್ನೊಂದು ಸ್ಪರ್ಧೆ ಆಡಿ ಎಂಟರಲ್ಲಿ ಕಟ್ ತಪ್ಪಿ ಕಾರ್ಡ್ ಕಳೆದುಕೊಂಡೆ. ಈಗ ಮತ್ತೆ ಅದೇ ಬಾಗಿಲಿನ ಮುಂದೆ ಇದ್ದೇನೆ. ಗೆದ್ದು ದಡ ಸೇರಿದವರ ಸಲಹೆ ಬೇಕಾದಷ್ಟು ಸಿಗುತ್ತದೆ. ಇದು ಇನ್ನೂ ನೀರಿನಲ್ಲಿರುವವನ ಟಿಪ್ಪಣಿ.

ಮೊದಲ ಹೆಜ್ಜೆ: ಒಳ್ಳೆಯ ಆಟ ಎಂದರೆ ಎಷ್ಟು ಎಂದು ತಿಳಿದುಕೊಳ್ಳಿ

ನಾವು ಗಾಲ್ಫ್ ನೋಡಿದ್ದು ಟಿವಿಯಲ್ಲಿ. ಅಲ್ಲಿ ಕಾಣುವುದು ಆ ವಾರ ಎಲ್ಲವೂ ಕೂಡಿಬಂದ ಐದಾರು ಮಂದಿ ಮಾತ್ರ. ಅವರ ಹದಿನೈದು ಅಡಿಯ ಪಟ್ ಬೀಳುತ್ತದೆ, ಇಪ್ಪತ್ತು ಅಡಿಯದೂ ಬೀಳುತ್ತದೆ. ಅದನ್ನೇ ಅಳತೆಗೋಲಾಗಿ ಹಿಡಿದು ಮೈದಾನಕ್ಕೆ ಇಳಿದರೆ ಮೂರನೇ ಹೋಲ್ (ಒಂದು ಗುಂಡಿಯವರೆಗಿನ ಆಟ) ಮುಗಿಯುವಷ್ಟರಲ್ಲಿ ನಮ್ಮ ಮೇಲೆ ನಮಗೇ ಸಿಟ್ಟು ಬಂದಿರುತ್ತದೆ.

ಅಮೆರಿಕದ ಪಿಜಿಎ ಟೂರ್ ಆಟಗಾರರ ಸರಾಸರಿಯನ್ನು ನೋಡಿ. 8 ಅಡಿಯ ಪಟ್ ಒಳಗೆ ಬೀಳುವುದು ಸುಮಾರು ಅರ್ಧದಷ್ಟು ಸಲ. 20 ಅಡಿಯದು ಏಳರಲ್ಲಿ ಒಂದು. ನಿಗದಿತ ಹೊಡೆತಗಳಲ್ಲಿ ಗ್ರೀನ್ (ಗುಂಡಿಯ ಸುತ್ತಲಿನ ನುಣ್ಣನೆಯ ಹುಲ್ಲುನೆಲ) ಮುಟ್ಟುವುದು 18 ಹೋಲ್‌ಗಳಲ್ಲಿ 12ರ ಆಸುಪಾಸು. ಫೇರ್‌ವೇಯಿಂದ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) 150 ಗಜ ದೂರಕ್ಕೆ ಹೊಡೆದ ಚೆಂಡು ಗುಂಡಿಯಿಂದ ಸರಾಸರಿ 25ರಿಂದ 30 ಅಡಿ ಆಚೆ ನಿಲ್ಲುತ್ತದೆ. ಇದು ಜಗತ್ತಿನ ಅತ್ಯುತ್ತಮರ ಮಾತು. ಎಂಟು ಅಡಿಯ ಪಟ್ ತಪ್ಪಿಸಿ ತಲೆ ಚಚ್ಚಿಕೊಳ್ಳುವ ಇಪ್ಪತ್ತೆರಡು ವರ್ಷದ ಹುಡುಗ ಅವರೇ ಮಾಡಲಾಗದ್ದನ್ನು ತನ್ನಿಂದ ಕೇಳುತ್ತಿರುತ್ತಾನೆ.

ಇಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ, ದಯವಿಟ್ಟು ಓದಿ ಮುಂದೆ ಹೋಗಬೇಡಿ. ಒಂದು ರೂಪಾಯಿಯ ನಾಣ್ಯವನ್ನು ಹತ್ತು ಸಲ ಚಿಮ್ಮಿಸಿ, ಎಷ್ಟು ಸಲ ತಲೆ ಬಿತ್ತು ಎಂದು ಬರೆದುಕೊಳ್ಳಿ. ಹೀಗೆ ಹನ್ನೆರಡು ಸಾಲು ಬರೆಯಿರಿ. ಪ್ರತಿ ಸಾಲೂ ಒಂದು ಸ್ಪರ್ಧೆಯ ಮೊದಲ ಎರಡು ದಿನ, ಪ್ರತಿ ಚಿಮ್ಮುವಿಕೆಯೂ ಒಂದು 8 ಅಡಿಯ ಪಟ್ ಎಂದುಕೊಳ್ಳಿ. ಹತ್ತರಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ತಲೆ ಬೀಳುವ ಸಾಧ್ಯತೆ ನೂರಕ್ಕೆ 17. ಎಂದರೆ ಹೆಚ್ಚುಕಡಿಮೆ ಆರು ಸಾಲುಗಳಿಗೆ ಒಂದು ಕೆಟ್ಟ ಸಾಲು. ನಾಣ್ಯಕ್ಕೆ ಆತ್ಮವಿಶ್ವಾಸ ಕುಗ್ಗಿರಲಿಲ್ಲ, ಅದರ ಸ್ವಿಂಗ್ ಕೆಟ್ಟಿರಲಿಲ್ಲ. ಜಗತ್ತಿನ ಶ್ರೇಷ್ಠರಷ್ಟೇ ಚೆನ್ನಾಗಿ ಪಟ್ ಮಾಡುವವನಿಗೂ ಆರು ವಾರಕ್ಕೊಮ್ಮೆ ಬರೀ ಇದರಿಂದಲೇ ಎರಡು ಹೊಡೆತ ಹೋಗುತ್ತವೆ. ಕಟ್ ತಪ್ಪುವುದು ಹೆಚ್ಚಿನ ಸಲ ಒಂದೋ ಎರಡೋ ಹೊಡೆತದಿಂದ. ಈ ಹನ್ನೆರಡು ಸಾಲುಗಳನ್ನು ನಾನು ಒಂದು ಜುಲೈ ರಾತ್ರಿ, ಕರೆಂಟಿಲ್ಲದ ಮನೆಯಲ್ಲಿ, ಚಿಮಣಿ ಬೆಳಕಿನಲ್ಲಿ ಬರೆದೆ. ಮೂರು ವರ್ಷ ಯಾರ ಸಮಾಧಾನದ ಮಾತೂ ಮಾಡದ ಕೆಲಸವನ್ನು ಆ ಹಾಳೆ ಮಾಡಿತು.

ಎರಡನೇ ಹೆಜ್ಜೆ: ಪುಸ್ತಕ ಇಡಿ, ಆದರೆ ಸ್ಕೋರ್ ಬರೆಯಬೇಡಿ

ಸ್ಕೋರ್ ಹೇಗೂ ನೆನಪಿರುತ್ತದೆ. ಬರೆಯಬೇಕಾದದ್ದು ಬೇರೆ. ದಿನಸಿ ಅಂಗಡಿಯಲ್ಲಿ ಸಿಗುವ ಉದ್ದ ಪುಸ್ತಕ ಸಾಕು. ಪ್ರತಿ ಸುತ್ತಿಗೆ ಒಂದು ಸಾಲು, ಐದು ಅಂಕಣ: ಎಷ್ಟು ಗ್ರೀನ್ ನಿಗದಿತ ಹೊಡೆತದಲ್ಲಿ ಸಿಕ್ಕಿತು, 8 ಅಡಿಯೊಳಗಿನ ಪಟ್‌ಗಳು ಎಷ್ಟು ಬಂದವು ಮತ್ತು ಎಷ್ಟು ಬಿದ್ದವು, ಗ್ರೀನ್ ತಪ್ಪಿದ ಮೇಲೂ ಎಷ್ಟು ಸಲ ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಉಳಿಯಿತು, ಪೆನಾಲ್ಟಿ ಎಷ್ಟು, ಮತ್ತು ಕೊನೆಯದಾಗಿ ಆತುರದ ಹೊಡೆತ ಎಷ್ಟು.

ಈ ಕೊನೆಯ ಅಂಕಣವೇ ನನಗೆ ಮುಖ್ಯ. ಮನಸ್ಸು ಇನ್ನೂ ಹಿಂದಿನ ಹೋಲ್‌ನಲ್ಲಿರುವಾಗ, ಕ್ಲಬ್ (ಹೊಡೆಯುವ ಕೋಲು) ಇದೇ ಸರಿಯೋ ಎಂಬ ಅನುಮಾನ ಇರುವಾಗಲೇ ಹೊಡೆದುಬಿಟ್ಟ ಹೊಡೆತ ಅದು. ಚೆಂಡು ಚೆನ್ನಾಗಿ ಹೋಗಿದ್ದರೂ ಬರೆಯಬೇಕು. ಮೊದಲ ತಿಂಗಳು ನನ್ನದು ಸುತ್ತಿಗೆ ಏಳೆಂಟು ಇತ್ತು. ಅದನ್ನು ಮೂರಕ್ಕೆ ಇಳಿಸಲು ಒಂದು ವರ್ಷ ಹಿಡಿಯಿತು. ತಾಳ್ಮೆ ಹೆಚ್ಚಾಗಿದೆಯೋ ಇಲ್ಲವೋ ಎಂದು ತಿಳಿಯಲು ನನ್ನ ಬಳಿ ಇರುವ ಅಳತೆ ಇದೊಂದೇ.

ಒಂದು ಸುತ್ತನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಇಪ್ಪತ್ತು ಸುತ್ತುಗಳ ಸರಾಸರಿಯನ್ನು ಅದರ ಹಿಂದಿನ ಇಪ್ಪತ್ತರ ಜೊತೆ ಹೋಲಿಸಿ. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯೂ ಆಟಗಾರನನ್ನು ಅಳೆಯುವುದು ಹಾಗೆಯೇ, ಇತ್ತೀಚಿನ 20 ಸ್ಕೋರ್‌ಗಳಲ್ಲಿ ಉತ್ತಮ 8ನ್ನು ತೆಗೆದುಕೊಂಡು. ಸ್ವಿಂಗ್ ಬದಲಾಯಿಸುತ್ತಿದ್ದರೆ ಇಪ್ಪತ್ತು ಸುತ್ತು ಮುಗಿಯುವ ಮೊದಲು ತೀರ್ಪು ಕೊಡಬೇಡಿ. ಮೂರು ಸುತ್ತಿಗೊಮ್ಮೆ ಹೊಸ ಗುರು, ಹೊಸ ಹಿಡಿತ, ಹೊಸ ವಿಡಿಯೊ ಎಂದು ಓಡುವವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ನನಗಿಂತ ಪ್ರತಿಭೆ ಇದ್ದವರೇ ಹೆಚ್ಚು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಮೂರನೇ ಹೆಜ್ಜೆ: ವೃತ್ತಿಪರ ಎಂಬ ಹಣೆಪಟ್ಟಿಗೆ ಅವಸರ ಬೇಡ

ನಾನು ಮಾಡಿದ ದೊಡ್ಡ ತಪ್ಪು ಇದು. ಒಂದು ಒಳ್ಳೆಯ ಬೇಸಿಗೆ ಆಡಿದ ಉತ್ಸಾಹದಲ್ಲಿ ಹವ್ಯಾಸಿ ಆಟ ಬಿಟ್ಟು ವೃತ್ತಿಪರನಾದೆ. ಪ್ರಾಯೋಜಕರು ಬೇಕಾದರೆ ವೃತ್ತಿಪರನಾಗಲೇಬೇಕು ಎಂದು ನಂಬಿದ್ದೂ ಒಂದು ಕಾರಣ. ಹಿಂದೆ ಅದರಲ್ಲಿ ಸತ್ಯವಿತ್ತು. ಆದರೆ 2022ರ ಜನವರಿ 1ರಿಂದ ಜಾರಿಗೆ ಬಂದ ಹವ್ಯಾಸಿ ನಿಯಮಗಳ ಪ್ರಕಾರ ಹವ್ಯಾಸಿಯೂ ಪ್ರಾಯೋಜಕತ್ವ ಪಡೆಯಬಹುದು, ಖರ್ಚಿಗೆ ನೆರವು ಪಡೆಯಬಹುದು. ನಗದು ಬಹುಮಾನದ ಮಿತಿಯನ್ನು ಮೀರುವುದು, ವೃತ್ತಿಪರನಾಗಿ ಸ್ಪರ್ಧಿಸುವುದು, ದುಡ್ಡು ಪಡೆದು ಆಟ ಕಲಿಸುವುದು ಇಂಥವು ಮಾಡಿದರೆ ಹವ್ಯಾಸಿ ಸ್ಥಾನ ಹೋಗುತ್ತದೆ. ಊರಿನ ಮಕ್ಕಳಿಗೆ ಶುಲ್ಕ ಪಡೆದು ಪಾಠ ಹೇಳುವ ಮೊದಲು ಈ ಕೊನೆಯದನ್ನು ನೆನಪಿಡಿ.

ಭಾರತೀಯ ಗಾಲ್ಫ್ ಒಕ್ಕೂಟ 1955ರಲ್ಲಿ ಸ್ಥಾಪನೆಯಾದದ್ದು, ಹವ್ಯಾಸಿ ಪಂದ್ಯಾವಳಿಗಳನ್ನು ನಡೆಸುವುದು ಅದೇ. ಅಲ್ಲಿ ಒಂದಿಡೀ ವರ್ಷ ಮೇಲಿನ ಸ್ಥಾನಗಳಲ್ಲಿ ನಿಲ್ಲಲು ಆಗದಿದ್ದರೆ ವೃತ್ತಿಪರರ ನಡುವೆ ನಿಲ್ಲುವುದು ಇನ್ನೂ ಕಷ್ಟ. 2006ರಲ್ಲಿ ಶುರುವಾದ ನಮ್ಮ ಪಿಜಿಟಿಐ (ಭಾರತದ ವೃತ್ತಿಪರ ಗಾಲ್ಫ್) ಟೂರ್‌ಗೆ ಬಾಗಿಲು ಕ್ವಾಲಿಫೈಯಿಂಗ್ ಸ್ಕೂಲ್. ಮೊದಲು ಪೂರ್ವ ಸುತ್ತುಗಳು, ಗೆದ್ದವರಿಗೆ ಅಂತಿಮ ಹಂತ, ಅಲ್ಲಿ ನಾಲ್ಕು ದಿನ 72 ಹೋಲ್. ಹುಡುಗಿಯರಿಗೆ ಭಾರತೀಯ ಮಹಿಳಾ ಗಾಲ್ಫ್ ಸಂಘದ ವೃತ್ತಿಪರ ಟೂರ್ ಬೇರೆಯೇ ಇದೆ. ಬಾಗಿಲು ಪ್ರತಿ ವರ್ಷ ತೆರೆಯುತ್ತದೆ. ಈ ವರ್ಷವೇ ನುಗ್ಗಬೇಕು ಎಂದು ನಿಮಗೆ ಹೇಳುತ್ತಿರುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳಿ. ನನ್ನ ವಿಷಯದಲ್ಲಿ ಅದು ನನ್ನದೇ ವಯಸ್ಸಿನ ಇಬ್ಬರು ಗೆಳೆಯರ ಇನ್‌ಸ್ಟಾಗ್ರಾಂ ಆಗಿತ್ತು.

ಎಷ್ಟು ಕಾಲ ಹಿಡಿಯಬಹುದು ಎಂಬುದಕ್ಕೆ ಕೆಲವು ನಿಜವಾದ ಲೆಕ್ಕಗಳಿವೆ. ಅಮೆರಿಕದ ಬೆನ್ ಹೋಗನ್ ವೃತ್ತಿಪರನಾದದ್ದು 1930ರಲ್ಲಿ, ಒಬ್ಬನೇ ಗೆದ್ದ ಮೊದಲ ಪ್ರಶಸ್ತಿ 1940ರಲ್ಲಿ. ಆ ಹತ್ತು ವರ್ಷಗಳಲ್ಲಿ ಕೈಬರಿದಾಗಿ ಊರಿಗೆ ಮರಳಿದ್ದು ಒಂದು ಸಲವಲ್ಲ. ಮುಂದೆ ಅವನು ಗೆದ್ದ ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಸ್ಪರ್ಧೆಗಳ) ಪ್ರಶಸ್ತಿಗಳು ಒಂಬತ್ತು. ಮ್ಯಾಕ್ಸ್ ಹೋಮಾ 2016-17ರ ಋತುವಿನಲ್ಲಿ 17 ಸ್ಪರ್ಧೆ ಆಡಿ 2ರಲ್ಲಿ ಮಾತ್ರ ಕಟ್ ದಾಟಿದ, 2019ರಲ್ಲಿ ಅದೇ ಪಿಜಿಎ ಟೂರ್‌ನಲ್ಲಿ ಗೆದ್ದ. ನನ್ನ ಹನ್ನೊಂದರಲ್ಲಿ ಮೂರನ್ನು ಅವನ ಹದಿನೇಳರಲ್ಲಿ ಎರಡರ ಪಕ್ಕ ಇಟ್ಟು ನೋಡಿದ ದಿನ ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿದೆ. ನಮ್ಮವರನ್ನೇ ನೋಡಿದರೆ, ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 41ನೇ ಸ್ಥಾನ ಹಂಚಿಕೊಂಡವರು. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ದೂರ ಹೊಡೆಯುವುದರಲ್ಲಿ ಅವರು ಆ ಕಣದಲ್ಲಿ ಹಿಂದಿನ ಸಾಲಿನಲ್ಲಿದ್ದರು, ಪಟರ್ ಹಿಡಿದು ಅಷ್ಟು ದೂರ ಬಂದರು. ಎಸ್. ಚಿಕ್ಕರಂಗಪ್ಪ ಬಿಡದಿ ಬಳಿಯ ಹಳ್ಳಿಯವರು. ಊರ ಪಕ್ಕದ ಈಗಲ್‌ಟನ್ ಮೈದಾನದಲ್ಲಿ ಕ್ಯಾಡಿಯಾಗಿ (ಆಟಗಾರರ ಚೀಲ ಹೊರುವ ಸಹಾಯಕನಾಗಿ) ಶುರುಮಾಡಿ ಏಷ್ಯನ್ ಟೂರ್‌ವರೆಗೆ ಹೋದರು. ಮನೆಯಲ್ಲಿ ಯಾರೂ ಗಾಲ್ಫ್ ಆಡದವರ ಮಕ್ಕಳಿಗೆ ಈ ದಾರಿ ಇಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಅವರ ಹೆಸರು.

ನಾಲ್ಕನೇ ಹೆಜ್ಜೆ: ದುಡ್ಡನ್ನು ವಾರಗಳಲ್ಲಿ ಎಣಿಸಿ

ಬೇರೆ ಯಾವ ಕಾರಣಕ್ಕಿಂತಲೂ ದುಡ್ಡಿನ ಭಯವೇ ಆಟಗಾರನನ್ನು ಆತುರಕ್ಕೆ ತಳ್ಳುತ್ತದೆ. 1 ಕೋಟಿ ರೂಪಾಯಿ ಬಹುಮಾನದ ಸ್ಪರ್ಧೆಯಲ್ಲಿ ಗೆದ್ದವನಿಗೆ ಸುಮಾರು 15 ಲಕ್ಷ ಸಿಗುತ್ತದೆ. ಕೆಳಗಿಳಿದಂತೆ ಮೊತ್ತ ಬೇಗ ಕರಗುತ್ತದೆ, ಕಟ್ ತಪ್ಪಿದವನಿಗೆ ಏನೂ ಇಲ್ಲ. ಪ್ರವೇಶ ಶುಲ್ಕ, ಕ್ಯಾಡಿಯ ಸಂಬಳ, ರೈಲು, ವಸತಿ, ಊಟ ಎಲ್ಲವೂ ಕೈಯಿಂದಲೇ.

ಹಾಗಾಗಿ ಒಂದು ಸ್ಪರ್ಧೆಯ ವಾರಕ್ಕೆ ನಿಮಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಮೂರು ವಾರಗಳ ರಸೀದಿ ಹಿಡಿದು ಕೂಡಿಸಿ. ಕೈಯಲ್ಲಿರುವ ಹಣವನ್ನು ಅದರಿಂದ ಭಾಗಿಸಿ. ಬಂದ ಸಂಖ್ಯೆ ಹದಿನಾಲ್ಕು ಎಂದಿದ್ದರೆ ನಿಮ್ಮ ಬಳಿ ಹದಿನಾಲ್ಕು ವಾರಗಳಿವೆ. ಬಹುಮಾನ ಬರುತ್ತದೆ ಎಂದು ಲೆಕ್ಕಕ್ಕೆ ಸೇರಿಸಬೇಡಿ. ಈ ಸಂಖ್ಯೆ ಗೊತ್ತಿದ್ದರೆ ಶುಕ್ರವಾರ ಮಧ್ಯಾಹ್ನ ಹದಿನೇಳನೇ ಹೋಲ್‌ನಲ್ಲಿ ನೀರಿನ ಮೇಲಿಂದ ಹೊಡೆಯುವಾಗ "ಇದು ತಪ್ಪಿದರೆ ಎಲ್ಲ ಮುಗಿಯಿತು" ಎಂಬ ಯೋಚನೆ ಬರುವುದಿಲ್ಲ. ಇನ್ನೂ ಹದಿಮೂರು ಇವೆ ಎಂದು ಗೊತ್ತಿರುತ್ತದೆ.

ಒಂದು ವಿಷಯದಲ್ಲಿ ನಾನು ಹಟಮಾರಿ. ತೋಟದ ಮೇಲೆ ಸಾಲ ತೆಗೆದು ಗಾಲ್ಫ್ ಆಡಬೇಡಿ. ಅಮ್ಮನ ಬಳೆ ಅಡವಿಟ್ಟು ಆಡಬೇಡಿ. ಮನೆಯವರು ತಾವಾಗಿಯೇ ಮುಂದೆ ಬಂದರೂ ಒಪ್ಪಬೇಡಿ. ಆ ದುಡ್ಡು ಪ್ರತಿ ಪಟ್‌ನ ಮೇಲೂ ಕುಳಿತಿರುತ್ತದೆ. ಹಣ ಮುಗಿದರೆ ಆರು ತಿಂಗಳು ದುಡಿದು ಮತ್ತೆ ಬನ್ನಿ. ವೃತ್ತಿಪರನಾದ ಮೇಲೆ ಆಟ ಕಲಿಸಲು ಅಡ್ಡಿಯಿಲ್ಲ, ಮಕ್ಕಳಿಗೆ ಕಲಿಸುವುದರಿಂದ ನಮ್ಮ ಸ್ವಿಂಗೂ ಸ್ಪಷ್ಟವಾಗುತ್ತದೆ.

ಐದನೇ ಹೆಜ್ಜೆ: ಮಳೆಗಾಲಕ್ಕೆ ಬೇರೆ ಪಠ್ಯ ಹಾಕಿಕೊಳ್ಳಿ

ಮಲೆನಾಡಿನ ಹುಡುಗರ ನಿಜವಾದ ಪರೀಕ್ಷೆ ಇದು. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಪ್ಪ, ಬಾಳೆಹೊನ್ನೂರು ದಾಟಿ ಚಿಕ್ಕಮಗಳೂರಿಗೆ ಹೋಗಿ ಆಡಿ ಬರುವುದು ವಾರಕ್ಕೊಮ್ಮೆಯೂ ಆಗದ ತಿಂಗಳುಗಳಿರುತ್ತವೆ. ದೆಹಲಿಯವರು, ಚಂಡೀಗಢದವರು ದಿನವೂ ಆಡುತ್ತಿದ್ದಾರೆ ಎಂಬ ಹೊಟ್ಟೆಯುರಿ ಆಗ ಶುರುವಾಗುತ್ತದೆ. ನಾನು ಆ ನಾಲ್ಕು ತಿಂಗಳನ್ನು ಕಳೆದುಹೋದ ಕಾಲ ಎಂದು ಎಣಿಸುವುದನ್ನು ಬಿಟ್ಟ ವರ್ಷವೇ ನನಗೆ ಕಾರ್ಡ್ ಸಿಕ್ಕಿದ್ದು.

ಬಲೆ ಕಟ್ಟಿಕೊಳ್ಳಿ. ಕೊಟ್ಟಿಗೆಯ ಮಾಡಿನ ಕೆಳಗೆ ಅಥವಾ ಅಡಿಕೆ ಚಪ್ಪರದ ಕೆಳಗೆ ಹತ್ತು ಅಡಿ ಎತ್ತರಕ್ಕೆ ಅಡಿಕೆ ದಬ್ಬೆ ನಿಲ್ಲಿಸಿ, ದಪ್ಪ ನೈಲಾನ್ ಬಲೆಯನ್ನು ಎರಡು ಪದರವಾಗಿ, ಸಡಿಲವಾಗಿ ಇಳಿಬಿಡಿ. ಬಿಗಿಯಾಗಿ ಕಟ್ಟಿದರೆ ಚೆಂಡು ಮುಖಕ್ಕೇ ಮರಳುತ್ತದೆ. ಹಿಂದೆ ಒಂದು ಹಳೆಯ ಕಂಬಳಿ ನೇತುಹಾಕಿ. ಬಲೆಯಲ್ಲಿ ಚೆಂಡು ಎಲ್ಲಿ ಹೋಯಿತು ಎಂಬುದು ಕಾಣುವುದಿಲ್ಲ, ಅದೇ ಅದರ ಉಪಕಾರ. ಫಲ ಕಾಣದಿದ್ದಾಗ ಕಣ್ಣು ಹೊಡೆತದ ಮೇಲೇ ಉಳಿಯುತ್ತದೆ. ದಿನಕ್ಕೆ ಅರವತ್ತು ಚೆಂಡು, ಪ್ರತಿ ಚೆಂಡಿಗೂ ಹಿಂದೆ ಸರಿದು ನಿಂತು, ಗುರಿ ನೋಡಿ, ಮತ್ತೆ ಬಂದು ನಿಲ್ಲಬೇಕು. ಇನ್ನೂರು ಹೊಡೆದೆ ಎಂದು ಹೆಮ್ಮೆಪಡುವವರು ಆತುರವನ್ನೇ ಅಭ್ಯಾಸ ಮಾಡುತ್ತಿರುತ್ತಾರೆ.

ಲಯಕ್ಕೆ ಮೊಬೈಲಿನ ಮೆಟ್ರೊನೋಮ್ ಸಾಕು. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಮೇಲೆ ಹೋಗುವ ಕಾಲ ಕೆಳಗೆ ಬರುವ ಕಾಲದ ಸುಮಾರು ಮೂರರಷ್ಟು. ಒಂದು, ಎರಡು, ಮೂರಕ್ಕೆ ಮೇಲೆ, ನಾಲ್ಕಕ್ಕೆ ಚೆಂಡು. ಒತ್ತಡದಲ್ಲಿ ಮೊದಲು ಕೆಡುವುದು ಇದೇ, ಮೇಲಿನ ಮೂರು ಎರಡಾಗಿಬಿಡುತ್ತದೆ. ವಿಡಿಯೊವನ್ನು ಭಾನುವಾರ ಮಾತ್ರ ತೆಗೆಯಿರಿ, ಒಂದು ಎದುರಿನಿಂದ, ಒಂದು ಗುರಿಯ ಸಾಲಿನ ಹಿಂದಿನಿಂದ. ದಿನವೂ ನೋಡಿದರೆ ದಿನಕ್ಕೊಂದು ದೋಷ ಕಾಣುತ್ತದೆ.

ಪಟ್‌ಗೆ ಉಪ್ಪರಿಗೆಯ ನೆಲವೇ ಮೈದಾನ. ಗಾರೆ ನೆಲ ತೀರ ವೇಗ, ಅದರ ಮೇಲೆ ದಪ್ಪ ಜಮಖಾನೆ ಹಾಸಿ. ಚೆಂಡಿನಿಂದ ಒಂದು ಅಡಿ ಮುಂದೆ ಎರಡು ಬೆಂಕಿಪೊಟ್ಟಣಗಳನ್ನು ಚೆಂಡಿಗಿಂತ ಎರಡು ಬೆರಳು ಅಗಲದ ಅಂತರದಲ್ಲಿಟ್ಟು ಅವುಗಳ ನಡುವೆ ಹಾಯಿಸಿ. ಗುಂಡಿಯ ವ್ಯಾಸ 108 ಮಿಲಿಮೀಟರ್, ಚೆಂಡಿನದು 43ರ ಹತ್ತಿರ. ಮನೆಯಲ್ಲಿ ಗುಂಡಿಯ ಬದಲು ಇನ್ನೊಂದು ಚೆಂಡನ್ನೇ ಗುರಿಯಾಗಿಟ್ಟು ಆಡಿದರೆ ಮೈದಾನದ ಗುಂಡಿ ಬಾವಿಯಂತೆ ಕಾಣುತ್ತದೆ. ಚಿಪ್ಪಿಂಗ್ (ಗ್ರೀನ್ ಪಕ್ಕದಿಂದ ಚೆಂಡನ್ನು ಮೆಲ್ಲಗೆ ಎತ್ತಿ ಹಾಕುವುದು) ಬೇಕಾದರೆ ಅಡಿಕೆ ಹೆಡಿಗೆಯನ್ನು ಅಂಗಳದಲ್ಲಿಟ್ಟು, ಹೆಂಚು ಒಡೆಯದ ಹಾಗೆ ಪ್ಲಾಸ್ಟಿಕ್ ಚೆಂಡಿನಲ್ಲಿ.

ಸಾಮಾನುಗಳ ಬಗ್ಗೆ ಒಂದು ಮಾತು. ಚರ್ಮದ ಕೈಗವಸು ನಮ್ಮ ಮಳೆಯಲ್ಲಿ ವಾರದೊಳಗೆ ಬೂಸ್ಟು ಹಿಡಿಯುತ್ತದೆ, ಮಳೆಗೆಂದೇ ಬರುವ ಬಟ್ಟೆಯದನ್ನು ಕೊಳ್ಳಿ. ಹಿಡಿಕೆಗಳನ್ನು ಬೈರಾಸಿನಲ್ಲಿ ಒರೆಸಿ ಗಾಳಿಯಲ್ಲಿ ಒಣಗಿಸಿ. ಬಚ್ಚಲ ಒಲೆಯ ಪಕ್ಕ ಇಡಬೇಡಿ, ಕ್ಲಬ್ಬಿನ ತಲೆಯನ್ನು ಹಿಡಿದಿರುವ ಅಂಟು ಬಿಸಿಗೆ ಸಡಿಲವಾಗುತ್ತದೆ. ಮಳೆ ಬಿಟ್ಟ ದಿನ ಮೈದಾನಕ್ಕೆ ಹೋದರೆ ರಫ್‌ನ ಉದ್ದ ಹುಲ್ಲಿನಲ್ಲಿ ಚೆಂಡು ಹುಡುಕುವಾಗ ಉಂಬಳ ಹತ್ತುತ್ತದೆ, ಕಾಲುಚೀಲದ ಮೇಲೆ ಸುಣ್ಣವೋ ಹೊಗೆಸೊಪ್ಪಿನ ನೀರೋ ಸವರಿಕೊಳ್ಳಿ. ಇನ್ನೊಂದು: ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಬೇಸಿಗೆಯ ಚೆಂಡು ಚೆನ್ನೈ, ಕೋಲ್ಕತ್ತಕ್ಕಿಂತ ಕೆಲವು ಗಜ ಹೆಚ್ಚು ಹಾರುತ್ತದೆ. ಕೆಳಗಿನ ಊರುಗಳಲ್ಲಿ ಚೆಂಡು ಗ್ರೀನ್‌ಗಿಂತ ಹಿಂದೆ ಬಿದ್ದರೆ ಸ್ವಿಂಗ್ ಕೆಟ್ಟಿತು ಎಂದು ಗಾಬರಿಯಾಗಬೇಡಿ, ಒಂದು ಕ್ಲಬ್ ದೊಡ್ಡದು ಹಿಡಿಯಿರಿ.

ಆರನೇ ಹೆಜ್ಜೆ: ಕೆಟ್ಟ ಹೋಲ್ ಆದ ಮೇಲಿನ ಹತ್ತು ನಿಮಿಷ

ತಾಳ್ಮೆಯ ಮಾತನ್ನು ಎಷ್ಟು ದೊಡ್ಡದಾಗಿ ಆಡಿದರೂ ಕೊನೆಗೆ ಅದು ನಿಲ್ಲುವುದು ಡಬಲ್ ಬೋಗಿ (ಪಾರ್‌ಗಿಂತ ಎರಡು ಹೊಡೆತ ಹೆಚ್ಚು) ಆದ ಮೇಲಿನ ಟೀ ಹೊಡೆತದಲ್ಲಿ, ಎಂದರೆ ಮುಂದಿನ ಹೋಲ್‌ನ ಮೊದಲ ಹೊಡೆತದಲ್ಲಿ. ಆಗ ಮನಸ್ಸು ಕಳೆದುಹೋದ ಎರಡು ಹೊಡೆತವನ್ನು ಒಂದೇ ಏಟಿಗೆ ವಾಪಸ್ ಕೇಳುತ್ತದೆ. ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ಹೊರಗೆ ಬರುತ್ತದೆ, ಮರಗಳ ಮೇಲಿಂದ ಅಡ್ಡದಾರಿ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಆತುರದ ಹೊಡೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಜಾಗದಲ್ಲಿವೆ.

ನಾನು ಮಾಡುವುದು ಹೀಗೆ. ಗ್ರೀನ್‌ನಿಂದ ಹೊರಬಂದ ಕೂಡಲೇ ಕೈಗವಸು ಕಳಚುತ್ತೇನೆ. ಅದು ಕೈಯಲ್ಲಿ ಇಲ್ಲದಷ್ಟು ಹೊತ್ತು ಸಿಟ್ಟಾಗಲು ಅನುಮತಿ ಇದೆ, ಬೇಕಾದಷ್ಟು ಸಿಟ್ಟಾಗಬಹುದು. ಮುಂದಿನ ಟೀ ಹತ್ತು ಹೆಜ್ಜೆ ಇದೆ ಎನ್ನುವಾಗ ನೀರು ಕುಡಿದು, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಮೂರು ಸಲ. ಆಮೇಲೆ ಕೈಗವಸು ಹಾಕಿ ಕ್ಯಾಡಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: "ಅಣ್ಣಾ, ಇಲ್ಲಿ ಎಲ್ಲಿ ತಪ್ಪಿದರೆ ಪರವಾಗಿಲ್ಲ?" ಎಲ್ಲಿಗೆ ಹೊಡೆಯಬೇಕು ಎಂದು ಕೇಳುವುದಿಲ್ಲ. ತಪ್ಪಿದರೂ ಬದುಕುವ ಜಾಗ ಗೊತ್ತಾದ ಮೇಲೆ ಕೈ ಬಿಗಿಯುವುದಿಲ್ಲ. ಸ್ಥಳೀಯ ಕ್ಯಾಡಿಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅವರನ್ನು ಗೌರವದಿಂದ ಕೇಳಿ, ಹೇಳಿದ್ದನ್ನು ಕೇಳಿ.

ಚೆಂಡು ಮರಗಳೊಳಗೆ ಹೋದರೆ ಹುಡುಕಲು ನಿಯಮದ ಪ್ರಕಾರ ಮೂರು ನಿಮಿಷ ಇದೆ, 2019ಕ್ಕೆ ಮೊದಲು ಐದಿತ್ತು. ಓಡಾಡಿ ಉಸಿರುಗಟ್ಟಬೇಡಿ. ಸಿಕ್ಕರೆ ಹತ್ತಿರದ ಫೇರ್‌ವೇಗೆ ಅಡ್ಡಲಾಗಿ ಹೊರಗೆ ತನ್ನಿ, ಬೋಗಿ ಒಪ್ಪಿಕೊಳ್ಳಿ. ಎರಡು ಕೊಂಬೆಗಳ ನಡುವಿನ ಸಂದಿನಿಂದ ಗ್ರೀನ್‌ಗೆ ಹೊಡೆದು ಮೆರೆದ ಹೊಡೆತ ನನಗೆ ಇವತ್ತಿಗೂ ನೆನಪಿದೆ. ಅದೇ ಸಂದಿನಲ್ಲಿ ಕೊಂಬೆಗೆ ಬಡಿದು ಏಳು, ಎಂಟು ಆದ ಹೋಲ್‌ಗಳು ಮರೆತುಹೋಗಿದ್ದವು, ಪುಸ್ತಕ ನೆನಪಿಸಿತು.

ಏಳನೇ ಹೆಜ್ಜೆ: ಕಟ್ ತಪ್ಪಿದ ಮೇಲಿನ ಮೂರು ದಿನ

ಶುಕ್ರವಾರ ಸಂಜೆ ಯಾವ ನಿರ್ಧಾರವೂ ಬೇಡ. ಗುರುವನ್ನು ಬಿಡುವುದು, ಪಟರ್ ಮಾರುವುದು, ಆಟ ನಿಲ್ಲಿಸುವುದು, ಯಾವುದೂ ಬೇಡ. ಹೋಟೆಲಿನಲ್ಲಿ ಉಳಿಯುವ ಖರ್ಚಿದ್ದರೆ ಶನಿವಾರ ಬೆಳಿಗ್ಗೆ ಮುನ್ನಡೆಯಲ್ಲಿರುವವರ ಹಿಂದೆ ಒಂಬತ್ತು ಹೋಲ್ ನಡೆಯಿರಿ. ಅವರೂ ಗ್ರೀನ್ ತಪ್ಪಿಸುವುದನ್ನು ಕಣ್ಣಾರೆ ನೋಡಿ. ಖರ್ಚಿಲ್ಲದಿದ್ದರೆ ಊರಿಗೆ ಬನ್ನಿ.

ಎರಡು ದಿನ ಕ್ಲಬ್ ಮುಟ್ಟಬೇಡಿ. ನಾನು ತೋಟಕ್ಕೆ ಹೋಗುತ್ತೇನೆ. ಸೊಪ್ಪು ಹಾಕುವುದೋ, ಬಸಿಗಾಲುವೆ ಬಿಡಿಸುವುದೋ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನವಾದರೆ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡುವುದೋ, ಏನಾದರೂ ಕೈಗೆ ಸಿಗುತ್ತದೆ. ಮೂರನೇ ದಿನ ಪುಸ್ತಕ ತೆರೆದು ಆ ಎರಡು ಸುತ್ತುಗಳ ಸಾಲು ತುಂಬಿ, ಕೆಳಗೆ ಒಂದೇ ವಾಕ್ಯ ಬರೆಯಿರಿ: ಈ ವಾರ ನನ್ನ ಕೈಯಲ್ಲಿದ್ದೂ ತಪ್ಪಿದ್ದು ಯಾವುದು? ಪಾರ್ 72ರ ಮೈದಾನದಲ್ಲಿ ಎರಡು ದಿನಕ್ಕೆ 144 ಹೊಡೆತ. ಅದರಲ್ಲಿ ಒಂದೆರಡನ್ನಾದರೂ ಆತುರ ತಿಂದಿರುತ್ತದೆ. ಅದಷ್ಟೇ ಮುಂದಿನ ವಾರದ ಕೆಲಸ.

ಎಂಟನೇ ಹೆಜ್ಜೆ: ಮನೆಯವರಿಗೂ ಲೆಕ್ಕ ತೋರಿಸಿ

ಮದುವೆ ಮನೆಯಲ್ಲಿ ದೊಡ್ಡಪ್ಪ ಕೇಳುತ್ತಾರೆ, "ಈಗ ಏನು ಮಾಡುತ್ತಿದ್ದೀಯಪ್ಪಾ?" ಅವರಿಗೆ ಕಟ್, ಕಾರ್ಡ್ ವಿವರಿಸಲು ಹೋಗಬೇಡಿ. "ಗಾಲ್ಫ್ ಆಡುತ್ತಿದ್ದೇನೆ ದೊಡ್ಡಪ್ಪ, ಈ ವರ್ಷ ಇನ್ನೂ ಆರು ಸ್ಪರ್ಧೆ ಇವೆ" ಎಂದರೆ ಸಾಕು. ಸಂಖ್ಯೆ ಇರುವ ಉತ್ತರಕ್ಕೆ ಜನ ಮರ್ಯಾದೆ ಕೊಡುತ್ತಾರೆ.

ಮನೆಯವರ ವಿಷಯ ಬೇರೆ. ಅಪ್ಪನಿಂದ ನಾನು ಎರಡು ವರ್ಷ ಸ್ಕೋರ್ ಮುಚ್ಚಿಟ್ಟೆ. ಪ್ರತಿ ಸಲ "ಪರವಾಗಿಲ್ಲ, ಚೆನ್ನಾಗಿ ಆಡಿದೆ" ಎಂದು ಹೇಳಿ ಒಳಗೆ ಹೋಗುತ್ತಿದ್ದೆ. ಕಾರ್ಡ್ ಹೋದ ವರ್ಷ ಒಂದು ಸಂಜೆ ಪುಸ್ತಕವನ್ನೇ ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ನೀನು ಸಸಿ ನೆಟ್ಟು ಎಷ್ಟು ವರ್ಷವಾಯಿತು?" ಮೂರು ಎಂದೆ. "ಅಡಿಕೆ ಸಸಿಗೇ ಐದಾರು ವರ್ಷ ಬೇಕು. ಮೂರನೇ ವರ್ಷ ಮೇಲೆ ನೋಡುತ್ತ ಅಡಿಕೆ ಗೊನೆ ಹುಡುಕುವವನು ಯಾರಿದ್ದಾನೆ? ಈ ಕೊನೆಯ ಅಂಕಣ ಇಳಿಯುತ್ತಿದೆಯಲ್ಲ, ಅದನ್ನು ನೋಡು." ಗಾಲ್ಫ್ ಮೈದಾನವನ್ನು ಒಮ್ಮೆಯೂ ನೋಡದ ಮನುಷ್ಯ ಆತುರದ ಅಂಕಣವನ್ನು ತಾವಾಗಿಯೇ ಕಂಡುಹಿಡಿದರು. ಅಂದಿನಿಂದ ಪ್ರತಿ ಸ್ಪರ್ಧೆಯ ಮೇಲೆ ಆ ಪುಸ್ತಕ ಮೊದಲು ಜಗುಲಿಗೆ ಹೋಗುತ್ತದೆ.

ಒಂಬತ್ತನೇ ಹೆಜ್ಜೆ: ನಿಲ್ಲಿಸುವ ದಿನಾಂಕ ಬರೆದಿಡಿ

ಇದನ್ನು ಹೇಳಲು ಕಷ್ಟ, ಆದರೆ ಹೇಳದಿದ್ದರೆ ಉಳಿದದ್ದೆಲ್ಲ ಅರ್ಧ. ಕೊನೆಯೇ ಇಲ್ಲದ ಕಾಯುವಿಕೆ ಯಾರಿಂದಲೂ ಆಗದು. ಪುಸ್ತಕದ ಮೊದಲ ಪುಟದಲ್ಲಿ ಒಂದು ದಿನಾಂಕ ಬರೆಯಿರಿ, ಎರಡು ವರ್ಷ ಮುಂದಿನದು. ಅದರ ಕೆಳಗೆ ಎರಡು ಸಂಖ್ಯೆ: ಆ ದಿನಕ್ಕೆ ಇಪ್ಪತ್ತು ಸುತ್ತುಗಳ ಸರಾಸರಿ ಗ್ರೀನ್ ಎಷ್ಟಿರಬೇಕು, ಕೈಯಲ್ಲಿ ಎಷ್ಟು ವಾರಗಳ ಹಣ ಉಳಿದಿರಬೇಕು. ಎರಡೂ ಇದ್ದರೆ ಮತ್ತೆ ಎರಡು ವರ್ಷ. ಎರಡೂ ಇಲ್ಲದಿದ್ದರೆ ತರಬೇತುದಾರನ ಪ್ರಮಾಣಪತ್ರಕ್ಕೆ ಓದಬಹುದು, ಮೈದಾನ ನಿರ್ವಹಣೆಯ ಕೆಲಸ ಕಲಿಯಬಹುದು, ತೋಟಕ್ಕೆ ಮರಳಬಹುದು. ಒಂದು ಇದ್ದು ಒಂದು ಇಲ್ಲದಿದ್ದರೆ ಮನೆಯವರ ಜೊತೆ ಕುಳಿತು ಮಾತಾಡಿ. ಆ ದಿನಾಂಕದವರೆಗೆ ಮಾತ್ರ "ಬಿಡಬೇಕೇ, ಬೇಡವೇ" ಎಂಬ ಪ್ರಶ್ನೆಯನ್ನು ಎತ್ತಬೇಡಿ. ಕೆಟ್ಟ ಶುಕ್ರವಾರ ಅದು ತಾನಾಗಿ ಎದ್ದರೆ ದಿನಾಂಕ ತೋರಿಸಿ ಕಳುಹಿಸಿ.

ನನ್ನ ದಿನಾಂಕ ಮುಂದಿನ ವರ್ಷ, ಅಡಿಕೆ ಕೊಯ್ಲು ಮುಗಿದ ಮೇಲಿನ ಮೊದಲ ಭಾನುವಾರ. ಅಮ್ಮ ಹೊಸ ಕ್ಯಾಲೆಂಡರ್ ಬಂದ ದಿನವೇ ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ.